ಓದುಗರ ಪ್ರಶ್ನೆ: ಭಾರದ ಮೈಗೆ, ಐವತ್ತರ ವಯಸ್ಸಿಗೆ ಎಂಥ ಸರ್ಫ್‌ಬೋರ್ಡ್?

ಕಡಲಿಲ್ಲದ ಮೂರು ಜಿಲ್ಲೆಗಳಿಂದ ಈ ಸಲ ಸರ್ಫಿಂಗ್ ಬಗ್ಗೆ ನಾಲ್ಕು ಪತ್ರ ಬಂದಿವೆ. ನಾಲ್ವರೂ ಹೊಸಬರಲ್ಲ. ಮಂಗಳೂರು ಬಳಿಯ ಮೂಲ್ಕಿ, ಸಸಿಹಿತ್ಲು ಕಡೆ ಹೋಗಿ ಕಲಿತವರು. ಮೇಲ್ಮೈ ಮೆತ್ತಗಿರುವ, ಕಲಿಕೆಯ ದೊಡ್ಡ ಸಾಫ್ಟ್‌ಟಾಪ್ ಬೋರ್ಡ್ ಬೇಸರವಾಗಿ, ಚುರುಕಾಗಿ ತಿರುಗುವ ಬೋರ್ಡ್ ಹುಡುಕುತ್ತಿರುವವರು.

ಪ್ರಶ್ನೆ: ವಯಸ್ಸು 47, ತೂಕ 96 ಕಿಲೊ ಅದ. ಮೂರು ವರ್ಷದಿಂದ ವರ್ಷಕ್ಕ ಎರಡು ಸಲ ಮೂಲ್ಕಿಗಿ ಹೋಗಿ 9 ಅಡಿ ಸಾಫ್ಟ್‌ಟಾಪ್ ಮ್ಯಾಲ ಕಲ್ತೀನಿ. ಒಡೀಲಾರದ ಅಲೆ ಹಿಡೀತೀನಿ, ಎಡಕ್ಕ ಬಲಕ್ಕ ಓಡಿಸ್ತೀನಿ, ಆದ್ರ ಬೋರ್ಡ್ ತಿರುಗಲ್ರಿ. ಅಲ್ಲಿ ಹುಡುಗರ 28 ಲೀಟರ್ ಬೋರ್ಡ್ ತಗೊಂಡ್ರ ಎದಿ ಮಟ್ಟ ಮುಳುಗ್ತದ. ನನಗ ಎಷ್ಟು ಲೀಟರ್ ಬೇಕ್ರಿ?
— ಕಲಬುರಗಿಯ ಓದುಗರು

ಉತ್ತರ: ಬೋರ್ಡ್‌ನ ಒಟ್ಟು ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಆ ಲೀಟರನ್ನು ನಿಮ್ಮ ಕಿಲೊದಿಂದ ಭಾಗಿಸಿ ನೋಡಿ. ದಿನಾ ನೀರಿಗಿಳಿಯುವ ನುರಿತ ಹುಡುಗರಲ್ಲಿ ಈ ಸಂಖ್ಯೆ 0.35ರಿಂದ 0.40ರ ಆಸುಪಾಸು ಇರುತ್ತದೆ. 70 ಕಿಲೊ ಹುಡುಗನಿಗೆ 28 ಲೀಟರ್ ಅಂದರೆ 0.40. ಅದೇ ಬೋರ್ಡ್ ನಿಮ್ಮ ಕೈಗೆ ಬಂದರೆ 0.29. ಮುಳುಗದೆ ಇನ್ನೇನು ಮಾಡೀತು? ವರ್ಷಕ್ಕೆ ಎರಡು ಸಲ ಇಳಿಯುವ, ಹಸಿರು ಅಲೆ, ಅಂದರೆ ಇನ್ನೂ ಒಡೆಯದ ಅಲೆ ಹಿಡಿಯಬಲ್ಲ ನಿಮ್ಮಂಥವರು 0.50ರಿಂದ 0.55 ಇಟ್ಟುಕೊಳ್ಳಬೇಕು. ಅಂದರೆ 48ರಿಂದ 53 ಲೀಟರ್.

ಇಷ್ಟು ಲೀಟರ್ ಇದ್ದರೂ ಬೋರ್ಡ್ ನಿಮ್ಮನ್ನು ಪೂರಾ ಹೊರುತ್ತದೆ ಅಂದುಕೊಳ್ಳಬೇಡಿ. ಒಂದು ಲೀಟರ್ ಸಮುದ್ರದ ನೀರಿನ ತೂಕ ಸುಮಾರು 1.025 ಕಿಲೊ. 50 ಲೀಟರ್ ಬೋರ್ಡ್ ಪೂರ್ತಿ ಮುಳುಗಿದಾಗ 51 ಕಿಲೊದಷ್ಟು ಮೇಲೆತ್ತುತ್ತದೆ. ಅದರದೇ ತೂಕ 4 ಕಿಲೊ ಕಳೆದರೆ ಉಳಿಯುವುದು 47. ಮಿಕ್ಕಿದ್ದನ್ನು ನೀರೊಳಗಿರುವ ನಿಮ್ಮ ಮೈಯೇ ತೇಲಿಸಿಕೊಳ್ಳಬೇಕು. ಎದ್ದು ನಿಂತ ಮೇಲೆ ಎತ್ತಿ ಹಿಡಿಯುವುದು ವೇಗ. ಲೀಟರ್ ಬೇಕಾಗುವುದು ಅದಕ್ಕಿಂತ ಮುಂಚೆ: ಕೈಯಿಂದ ನೀರು ಎಳೆದು ಅಲೆಯ ವೇಗಕ್ಕೆ ಮುಟ್ಟುವ ಆ ಹತ್ತು-ಹನ್ನೆರಡು ಎಳೆತದಲ್ಲಿ.

ಇನ್ನು ಅಸಲು ಮಾತು. ಅಂಗಡಿಯವರು ಲೀಟರ್ ಎಷ್ಟು ಅಂತ ಬರೆದಿರುತ್ತಾರೆ, ಆ ಲೀಟರ್ ಬೋರ್ಡ್‌ನಲ್ಲಿ ಎಲ್ಲಿ ಕೂತಿದೆ ಅಂತ ಬರೆದಿರುವುದಿಲ್ಲ. ದಪ್ಪ ಮೈಯವರು ಮೋಸ ಹೋಗುವುದು ಇಲ್ಲೇ. 6 ಅಡಿ 4 ಇಂಚು ಉದ್ದ, 22.5 ಇಂಚು ಅಗಲ, 3.1 ಇಂಚು ದಪ್ಪದ ಬೋರ್ಡೂ ಸುಮಾರು 50 ಲೀಟರೇ. 7 ಅಡಿ 2 ಇಂಚು, 22 ಇಂಚು, 2.9 ಇಂಚಿನ ಬೋರ್ಡೂ ಸುಮಾರು 50 ಲೀಟರೇ. ಮೊದಲನೆಯದು ಗಿಡ್ಡ ಇದೆ, ಚುರುಕಾಗಿ ತಿರುಗೀತು ಎಂದು ಜನ ಅದನ್ನೇ ಒಯ್ಯುತ್ತಾರೆ. ಆದರೆ ಬೋರ್ಡ್ ತಿರುಗಬೇಕಾದರೆ ಅದರ ಅಂಚು, ಅಂದರೆ ರೇಲ್, ನೀರೊಳಗೆ ಇಳಿಯಬೇಕು. ಗಿಡ್ಡ ಬೋರ್ಡ್‌ಗೆ ಲೀಟರ್ ತುಂಬಲು ದಪ್ಪವನ್ನು ಅಂಚಿನವರೆಗೂ ಎಳೆದಿರುತ್ತಾರೆ. ದಪ್ಪ ರೇಲ್ ಬಿರಡೆಯ ಹಾಗೆ ಮೇಲಕ್ಕೇ ಪುಟಿಯುತ್ತದೆ; ಎಷ್ಟು ಒರಗಿದರೂ ಹಲ್ಲು ಊರುವುದಿಲ್ಲ. ಹೀಗಾಗಿ ನಿಮಗೆ ಎರಡನೆಯದೇ ಸರಿ.

ಬೋರ್ಡ್ ಕೈಗೆ ಬಂದಾಗ ನಡುವಿನಿಂದ ಅಂಚಿನ ಕಡೆ ಅಂಗೈ ಸರಿಸಿ ನೋಡಿ. ಎದೆ ಕೂರುವ ಜಾಗದಲ್ಲಿ ದಪ್ಪವಿದ್ದು, ಕಡೆಯ ನಾಲ್ಕು ಇಂಚಿನಲ್ಲಿ ರೊಟ್ಟಿಯ ಅಂಚಿನಂತೆ ತೆಳುವಾಗುತ್ತಾ ಬಂದಿರಬೇಕು. ಹೆಬ್ಬೆರಳು, ತೋರುಬೆರಳಿನಿಂದ ಹಿಂಗಾಲ ಹತ್ತಿರದ ರೇಲ್ ಹಿಡಿಯಿರಿ. ಸಲೀಸಾಗಿ ಹಿಡಿತಕ್ಕೆ ಸಿಗಬೇಕು. ಬಾಲದ ತುದಿಯಿಂದ 12 ಇಂಚು ಮೇಲೆ ಅಗಲ 15ರಿಂದ 15.5 ಇಂಚು ಇರಲಿ. ಬಾಲ 16.5 ಇಂಚು ದಾಟಿದರೆ ಸಣ್ಣ ಅಲೆಯಲ್ಲಿ ಓಡುತ್ತದೆ, ಆದರೆ ಅಲೆ ಎದೆ ಮಟ್ಟಕ್ಕೆ ಬಂದಾಗ ಅದನ್ನು ಅದುಮಿ ತಿರುಗಿಸಲು ನಿಮ್ಮ 96 ಕಿಲೊವೂ ಒದ್ದಾಡುತ್ತದೆ. ಆಕಾರದಲ್ಲಿ ದುಂಡು ಬಾಲ ಅಥವಾ ಮೂಲೆ ಸವರಿದ ಚೌಕ ಬಾಲ, ಎರಡೂ ನಡೆಯುತ್ತವೆ.

ಬೋರ್ಡನ್ನು ಪಕ್ಕದಿಂದ ನೋಡಿದಾಗ ಕಾಣುವ ಬಾಗಿಗೆ ರಾಕರ್ ಅನ್ನುತ್ತಾರೆ. ಮೂತಿಯ ಕಡೆ ಬಾಗು ಹೆಚ್ಚಿದ್ದರೆ ಕಡಿದಾದ ಅಲೆಯಲ್ಲಿ ಮೂತಿ ನೀರಿಗೆ ಚುಚ್ಚುವುದಿಲ್ಲ. ಆದರೆ ಕೈ ಹಾಕುವಾಗ ನೀರನ್ನು ಮುಂದಕ್ಕೆ ತಳ್ಳಿ ವೇಗ ಕೊಲ್ಲುತ್ತದೆ. ಭಾರದ ಮೈಯವರಿಗೆ ಮುಂಭಾಗ ಸಪಾಟಾಗಿದ್ದು, ಬಾಗೆಲ್ಲ ಹಿಂದಿನ ಮೂರನೇ ಒಂದು ಭಾಗದಲ್ಲಿ ಇರುವುದು ಮೇಲು. ಅಕ್ಟೋಬರಿನಿಂದ ಮೇ ತನಕ ಆ ಕಡೆ ಬಹುಪಾಲು ದಿನ ಮೊಣಕಾಲಿನಿಂದ ಎದೆ ಮಟ್ಟದ ಅಲೆ. ಅದಕ್ಕೆ ಇದು ಸಾಕು. ಮಳೆಗಾಲದ ಕಡಲಿಗೆ ಯಾವ ಬೋರ್ಡ್ ಅಂತ ಕೇಳಲೇಬೇಡಿ, ಆಗ ಇಳಿಯುವುದೇ ಬೇಡ.

ಬೋರ್ಡ್‌ನ ಅಡಿ, ಬಾಲದ ಕಡೆ ಇರುವ ರೆಕ್ಕೆಗೆ ಫಿನ್ ಅನ್ನುತ್ತಾರೆ. ಅದರ ಬಗ್ಗೆ ನೀವು ಕೇಳಿಲ್ಲ, ಆದರೆ ಅರ್ಧ ಕೆಲಸ ಅದರದೇ. ಬೋರ್ಡ್ ಜೊತೆ ಬಂದ ಮೀಡಿಯಂ ಫಿನ್ 65ರಿಂದ 80 ಕಿಲೊದವರಿಗೆ. ನಿಮ್ಮ ತೂಕಕ್ಕೆ ಅದು ತಿರುವಿನ ನಡುವೆ ಹಿಡಿತ ಬಿಟ್ಟು ಜಾರುತ್ತದೆ, ನೀವು ಬೋರ್ಡ್‌ನ ತಪ್ಪು ಅಂದುಕೊಳ್ಳುತ್ತೀರಿ. ಲಾರ್ಜ್ ಅಥವಾ ಎಕ್ಸ್ಟ್ರಾ ಲಾರ್ಜ್ ಮೂರು ಫಿನ್ ಹಾಕಿ. ಎಫ್‌ಸಿಎಸ್, ಫ್ಯೂಚರ್ಸ್ ಎಂಬ ಎರಡು ಕಂಪನಿಗಳ ಜೋಡಣೆ ಬೇರೆ ಬೇರೆ; ಒಂದರ ಫಿನ್ ಇನ್ನೊಂದರ ಪೆಟ್ಟಿಗೆಗೆ, ಅಂದರೆ ಫಿನ್ ಸಿಕ್ಕಿಸುವ ಕಿಂಡಿಗೆ, ಕೂರುವುದಿಲ್ಲ, ಕೊಳ್ಳುವ ಮುಂಚೆ ಬೋರ್ಡ್‌ನ ಅಡಿ ತಿರುವಿ ನೋಡಿ. ಅಂದಹಾಗೆ, ಈ ಮೂರು ಫಿನ್‌ನ ಏರ್ಪಾಟು ಹುಟ್ಟಿದ್ದೇ ದೊಡ್ಡ ಮೈಯವರೊಬ್ಬರ ತೊಂದರೆಯಿಂದ. ಆಗ ಬಹಳ ಮಂದಿ ಎರಡು ಫಿನ್ ಬೋರ್ಡ್‌ನಲ್ಲಿ ಆಡುತ್ತಿದ್ದರು. ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಎತ್ತರದ, ತೂಕದ ಆಳು, ಅವರ ಕಾಲಡಿ ಅದು ಜಾರುತ್ತಿತ್ತು. 1980ರಲ್ಲಿ ನಡುವೆ ಮೂರನೆಯದನ್ನು ಕೂರಿಸಿದರು, 1981ರಲ್ಲಿ ಅದೇ ಬೋರ್ಡ್‌ನಲ್ಲಿ ಬೆಲ್ಸ್ ಬೀಚ್ ಪಂದ್ಯ ಗೆದ್ದರು. ಇವತ್ತು 60 ಕಿಲೊದ ಹುಡುಗರೂ ಅದನ್ನೇ ಬಳಸುತ್ತಾರೆ.

ಕೊನೆಗೆ ಹೊದಿಕೆ. ಹಗುರ ಬೋರ್ಡ್‌ಗಳ ಮೇಲ್ಮೈಗೆ 4 ಔನ್ಸಿನ ಗಾಜಿನ ಬಟ್ಟೆ ಎರಡು ಪದರ ಇರುತ್ತದೆ. ನಿಮ್ಮ ಹಿಮ್ಮಡಿ ಅದರಲ್ಲಿ ಒಂದೇ ಸೀಸನ್ನಿಗೆ ಗುಂಡಿ ತೋಡುತ್ತದೆ. ಮಾಡಿಸುವುದಾದರೆ ಮೇಲ್ಮೈಗೆ 6 ಮತ್ತು 4 ಔನ್ಸ್, ಹಿಂಗಾಲ ಕೆಳಗೆ ಇನ್ನೊಂದು ತುಂಡು ಕೇಳಿ. ಬೋರ್ಡ್ ಸ್ವಲ್ಪ ತೂಕ ಆಗುತ್ತದೆ. 96 ಕಿಲೊ ಮುಂದೆ ಅದೇನು ಲೆಕ್ಕ? ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹಗ್ಗ ಬೋರ್ಡ್‌ನಷ್ಟೇ ಉದ್ದ, 7 ಮಿಲಿಮೀಟರ್‌ಗಿಂತ ತೆಳುವಾಗಿರಬಾರದು.

ಪ್ರಶ್ನೆ: ನನಗ 58, ತೂಕ 80 ಕಿಲೊ. ಮೊಣಕಾಲು ಬಿಗಿ, ಎದ್ದು ನಿಂದ್ರೂದು ತಡ ಆಗ್ತದ. 6 ಅಡಿ 6 ಇಂಚಿನ ಫಿಶ್ ಬೋರ್ಡ್ ತಗೋರಿ, ಬೇಷ್ ಅಂತ ಗೆಳೆಯರು ಹೇಳ್ತಾರ. ಖರೇ ಏನ್ರಿ?
— ಯಾದಗಿರಿಯ ಓದುಗರು

ಉತ್ತರ: ಗೆಳೆಯರ ಮೊಣಕಾಲಿಗೆ ಬೇಷ್ ಇರಬಹುದು. ಫಿಶ್ ಅಗಲ, ಸಪಾಟು. ಕೈ ಹಾಕಿದರೆ ಓಡುತ್ತದೆ ನಿಜ. ಆದರೆ ಗಿಡ್ಡ ಬೋರ್ಡ್ ಅಲೆಯನ್ನು ಹಿಡಿಯುವುದು ಅದು ಕಡಿದಾದ ಮೇಲೆ. ಆ ಹೊತ್ತಿಗೆ ಎದ್ದು ನಿಲ್ಲಲು ಒಂದು ಸೆಕೆಂಡೂ ಉಳಿದಿರುವುದಿಲ್ಲ. ಉದ್ದದ ಬೋರ್ಡ್ ಅಲೆ ಇನ್ನೂ ಗುಡ್ಡದ ಹಾಗೆ ದುಂಡಗಿರುವಾಗಲೇ ಜಾರತೊಡಗುತ್ತದೆ. ನೀವು ಹಣ ಕೊಟ್ಟು ಕೊಳ್ಳಬೇಕಾದದ್ದು ಆ ಹೆಚ್ಚಿನ ಒಂದೆರಡು ಸೆಕೆಂಡನ್ನು.

ಉದ್ದದ ಬೋರ್ಡ್ ಅಂದರೆ ಕಲಿಕೆಯ ಸಾಫ್ಟ್‌ಟಾಪ್ ಅಲ್ಲ. ಪಂದ್ಯದವರು ಬಳಸುವ ಲಾಂಗ್‌ಬೋರ್ಡ್‌ಗಳಿವೆ: 9 ಅಡಿ, 22.5 ಇಂಚು, 2.7 ಇಂಚು, ಸುಮಾರು 63 ಲೀಟರ್. ಬಾಲ ಕಿರಿದು, ರೇಲ್ ತೆಳು, ಹಿಂದೆ ಬಾಗು ಹೆಚ್ಚು. ಹಿಂಗಾಲನ್ನು ಬಾಲದ ಮೇಲೆ ಒಯ್ದರೆ ಚುರುಕಾಗಿಯೇ ತಿರುಗುತ್ತದೆ. ನಡುವೆ 7 ಇಂಚಿನ ದೊಡ್ಡ ಫಿನ್, ಅಕ್ಕಪಕ್ಕ ಎರಡು ಚಿಕ್ಕವು. ನಡುವಿನ ಫಿನ್ ಪೆಟ್ಟಿಗೆಯಲ್ಲಿ ಹಿಂದೆ ಮುಂದೆ ಸರಿಯುತ್ತದೆ: ಮುಂದೆ ತಂದರೆ ಬೋರ್ಡ್ ಸಡಿಲ, ಹಿಂದೆ ಒಯ್ದರೆ ಬಿಗಿ. ಪೆಟ್ಟಿಗೆಯ ಮಧ್ಯದಲ್ಲಿಟ್ಟು ಶುರು ಮಾಡಿ, ಒಮ್ಮೆಗೆ ಅರ್ಧ ಇಂಚು ಸರಿಸಿ. 9 ಅಡಿ ಹೊರಲು ಭಾರವಾದರೆ 7 ಅಡಿ 10 ಇಂಚಿನ ತನಕ ಇಳಿಯಬಹುದು, ಅದರ ಕೆಳಗೆ ಬೇಡ.

ಮೊದಲು ಮೊಣಕಾಲು ಊರಿ ಆಮೇಲೆ ಏಳುವ ಚಾಳಿ ಹತ್ತಿದ್ದರೆ ಬಿಡಿಸಿಕೊಳ್ಳಿ. ಆಗ ಬೋರ್ಡ್ ಒಂದು ಕಡೆ ವಾಲಿ ವೇಗ ಹೋಗುತ್ತದೆ, ಊರಿದ ಕಡೆ ಗುಂಡಿಯೂ ಬೀಳುತ್ತದೆ. ಫರಸಿ ನೆಲದ ಮೇಲೆ ಚಾಪೆ ಹಾಸಿ, ಟೇಪಿನಿಂದ 22 ಇಂಚು ಅಗಲದ ಗುರುತು ಹಾಕಿ, ದಿನಕ್ಕೆ ಹತ್ತರಂತೆ ಮೂರು ಸಲ ಎದ್ದು ನಿಲ್ಲಿ. ಅಂಗೈ ಪಕ್ಕೆಲುಬಿನ ಹತ್ತಿರ ಊರಬೇಕು. ಭುಜದ ನೇರಕ್ಕೆ ಊರಿದರೆ ಕಾಲು ಬರಲು ಜಾಗವೇ ಇರುವುದಿಲ್ಲ. ಮೊಣಕಾಲು ನೋಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಕೈಗಳಿಗೆ ಈಜುಕೊಳ ಸಾಕು. ಕೃಷ್ಣಾ ನದಿಗೆ ಬೋರ್ಡ್ ಒಯ್ಯುವ ಯೋಚನೆ ಇದ್ದರೆ ಅಲ್ಲಿನ ಮೊಸಳೆಗಳನ್ನು ನೆನಪಿಸಿಕೊಳ್ಳಿ.

ವಯಸ್ಸಿನ ಮಾತು ಬಂದಾಗ ಜನ ಅಮೆರಿಕದ ಸರ್ಫರ್ ಕೆಲ್ಲಿ ಸ್ಲೇಟರ್ 2022ರ ಫೆಬ್ರುವರಿಯಲ್ಲಿ, 50 ತುಂಬಲು ಒಂದು ವಾರವೂ ಇಲ್ಲದಾಗ, ಹವಾಯಿಯ ಪೈಪ್‌ಲೈನ್ ಪಂದ್ಯ ಗೆದ್ದದ್ದನ್ನು ಹೇಳುತ್ತಾರೆ. ಆದರೆ ಆತನ ಬೋರ್ಡ್‌ನ ಅಳತೆ ನೋಡಿ ನಿಮ್ಮದನ್ನು ಆರಿಸಬೇಡಿ.

ಪ್ರಶ್ನೆ: 7 ಅಡಿಯ ಹಳೇ ಇಪಿಎಸ್ ಎಪಾಕ್ಸಿ ಬೋರ್ಡ್ ಕೊಂಡೀನಿ. ಪತ್ರಾಸ ಶೆಡ್ಡಿನಾಗ ಇಟ್ಟಿದ್ದೆ, ಏಪ್ರಿಲ್‌ದಾಗ ಮ್ಯಾಲ ಅಂಗೈಯಷ್ಟು ಉಬ್ಬಿ ಬಂತು. ರೇಲ್ ಮ್ಯಾಲ ಒಂದು ಬಿರುಕೂ ಅದ. ಹಾರ್ಡ್‌ವೇರ್ ಅಂಗಡಿ ಫೈಬರ್ ರೆಸಿನ್ ಹಚ್ಚಬಹುದೇನ್ರಿ?
— ಬೀದರ್ ಓದುಗರು

ಉತ್ತರ: ತಡೆಯಿರಿ, ಹಚ್ಚಬೇಡಿ. ನೀರಿನ ಟ್ಯಾಂಕಿ ತೇಪೆಗೆ ಅಂಗಡಿಯಲ್ಲಿ ಕೊಡುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ನಿಮ್ಮ ಬೋರ್ಡ್‌ನೊಳಗಿನ ಇಪಿಎಸ್ ಫೋಮನ್ನು, ಅಂದರೆ ಥರ್ಮೋಕೋಲನ್ನು, ಸಕ್ಕರೆ ಕರಗಿಸಿದ ಹಾಗೆ ಕರಗಿಸುತ್ತದೆ. ಬಿರುಕು ಮುಚ್ಚಲು ಹೋಗಿ ಒಳಗೆ ಗವಿ ಮಾಡಿಕೊಳ್ಳುತ್ತೀರಿ. ಇಪಿಎಸ್‌ಗೆ ಎಪಾಕ್ಸಿ ಮಾತ್ರ. ಪಿಯು (ಪಾಲಿಯುರೆಥೇನ್) ಫೋಮಿನ ಬೋರ್ಡ್ ಆಗಿದ್ದರೆ ಎರಡೂ ನಡೆಯುತ್ತಿದ್ದವು.

ಉಬ್ಬಿದ್ದು ಬಿಸಿಲಿನಿಂದ. ಪತ್ರಾಸ ಕೆಳಗೆ, ಗಾಜು ಮುಚ್ಚಿದ ಕಾರಿನೊಳಗೆ ನಮ್ಮ ಬೇಸಿಗೆಯಲ್ಲಿ 60 ಡಿಗ್ರಿ ಸುಲಭವಾಗಿ ಮುಟ್ಟುತ್ತದೆ. ಮಾಮೂಲಿ ಎಪಾಕ್ಸಿ 50–60ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಫೋಮಿನೊಳಗಿನ ಗಾಳಿ ಹಿಗ್ಗುತ್ತದೆ, ಹೊದಿಕೆ ಬಿಟ್ಟು ಏಳುತ್ತದೆ.

ಮೊದಲು ಒಣಗಿಸಿ. ಬಿರುಕು ಕೆಳಗೆ ಬರುವಂತೆ ನೆರಳಲ್ಲಿ ಒರಗಿಸಿ ವಾರವಿಡೀ ಬಿಡಿ. ಬಿಸಿಲಿಗಿಟ್ಟರೆ ಇನ್ನೊಂದು ಕಡೆ ಉಬ್ಬುತ್ತದೆ. ದಿನಾ ತೂಕ ಮಾಡಿ. ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಉಬ್ಬಿನ ಎರಡು ತುದಿಗೆ 3 ಮಿಲಿಮೀಟರ್ ತೂತು ಹಾಕಿ, ಒಂದರಿಂದ ಸಿರಿಂಜಿನಲ್ಲಿ ಎಪಾಕ್ಸಿ ಬಿಡಿ. ಇನ್ನೊಂದರಿಂದ ಹೊರಬಂದಾಗ ನಿಲ್ಲಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳಿನ ಚೀಲ, 24 ಗಂಟೆ. ರೇಲ್ ಬಿರುಕನ್ನು 80 ನಂಬರಿನ ಪಾಲಿಶ್ ಕಾಗದದಿಂದ ಉಜ್ಜಿ, ಬಿರುಕಿಗಿಂತ ಸುತ್ತ ಒಂದು ಇಂಚು ದೊಡ್ಡದಾದ 4 ಔನ್ಸ್ ಗಾಜಿನ ಬಟ್ಟೆ ಎರಡು ಪದರ ಎಪಾಕ್ಸಿಯಲ್ಲಿ ಕೂರಿಸಿ. ಗಟ್ಟಿಯಾದ ಮೇಲೆ 120, ಆಮೇಲೆ 220 ನಂಬರಿನ ಕಾಗದ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ.

ಕೆಲಸ ಸಂಜೆ ಮಾಡಿ. ಬೆಳಿಗ್ಗೆ ಮಾಡಿದರೆ ಹೊತ್ತು ಏರಿದಂತೆ ಫೋಮಿನ ಗಾಳಿ ಹಿಗ್ಗಿ, ಒಣಗದ ಎಪಾಕ್ಸಿಯಲ್ಲಿ ಗುಳ್ಳೆ ಏಳುತ್ತವೆ. ಸಂಜೆ ತಂಪೇರುತ್ತಾ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆಗೆ 40 ಗ್ರಾಮಿಗಿಂತ ಹೆಚ್ಚು ಕಲಸಬೇಡಿ, ಡಬ್ಬಿಯಲ್ಲೇ ಕಾದು ಗಟ್ಟಿಯಾದೀತು. ತೀರಾ ಬೇಗ ಗಟ್ಟಿಯಾಗದಿರಲಿ ಅಂತ ಹಾರ್ಡ್‌ನರ್ ಕಡಿಮೆ ಹಾಕುವುದು ಪಾಲಿಯೆಸ್ಟರ್‌ನಲ್ಲಿ ನಡೆಯುತ್ತದೆ. ಎಪಾಕ್ಸಿಗೆ ಡಬ್ಬಿಯ ಮೇಲಿನ ಪ್ರಮಾಣವೇ. ತಪ್ಪಿದರೆ ಎಂದಿಗೂ ಅಂಟಂಟು.

ಇನ್ನು ಮುಂದೆ ಬೋರ್ಡ್ ಮನೆಯೊಳಗಿನ ಕೋಣೆಯಲ್ಲಿ, ಗೋಡೆಗೆ ಅಡ್ಡಲಾಗಿರಲಿ. ಅದರ ಮೇಲೆ ಗಾಳಿ ಬಿಡುವ ಸಣ್ಣ ತಿರುಪು ಇದ್ದರೆ ಬೇಸಿಗೆಯಲ್ಲಿ ಸಡಿಲಿಸಿ, ನೀರಿಗಿಳಿಯುವ ಮುಂಚೆ ಬಿಗಿ ಮಾಡಲು ಮರೆಯಬೇಡಿ. ಕಾಲು ಜಾರದಂತೆ ಮೇಲ್ಮೈಗೆ ಹಚ್ಚುವ ವ್ಯಾಕ್ಸ್ ಪೂರಾ ಕೆರೆದು ತೆಗೆದಿಡಿ, ಇಲ್ಲವಾದರೆ ಕರಗಿ ಚೀಲಕ್ಕೆಲ್ಲ ಬಳಿಯುತ್ತದೆ. ನಮ್ಮ ಕಡಲಿನ ಬೆಚ್ಚನೆ ನೀರಿಗೆ ಟ್ರಾಪಿಕಲ್ ಅಂತ ಬರೆದ ವ್ಯಾಕ್ಸೇ ಬೇಕು.

ಮುಂದಿನ ಸಲ ಹಳೇ ಬೋರ್ಡ್ ಕೊಳ್ಳುವಾಗ ಹೆಬ್ಬೆರಳಿನಿಂದ ಮೇಲ್ಮೈ ಒತ್ತುತ್ತಾ ಹೋಗಿ, ಗೆಣ್ಣಿನಿಂದ ಬಡಿಯಿರಿ. ಸದ್ದು ಬೊದ್ದಾಗುವ ಕಡೆ ಹೊದಿಕೆ ಬಿಟ್ಟಿದೆ. ಎರಡೂ ರೇಲ್‌ಗಳಲ್ಲಿ ಎದುರುಬದುರು ಅಡ್ಡ ಗೆರೆ ಕಂಡರೆ ಅದು ಒಮ್ಮೆ ಬಾಗಿ ಮುರಿಯಲು ಬಂದದ್ದು. ತೂಕದವರು ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಒಯ್ಯಬಾರದು.

ಪ್ರಶ್ನೆ: ಬೋರ್ಡ್ ತಗೊಂಡು ರೈಲಿನಾಗ ಹೋಗ್ಲಾಕ ಬರ್ತದೇನ್ರಿ?
— ವಾಡಿಯ ಓದುಗರು

ಉತ್ತರ: ಡಬ್ಬಿಯೊಳಗೆ ಒಯ್ಯುವ ಸಾಮಾನಿಗೆ 1 ಮೀಟರ್ ಉದ್ದದ ಮಿತಿ ಇದೆ, ಬೋರ್ಡನ್ನು ಲಗೇಜ್ ಮಾಡಿಸಿ ಬ್ರೇಕ್ ವ್ಯಾನಿಗೆ, ಅಂದರೆ ಸಾಮಾನಿನ ಡಬ್ಬಿಗೆ, ಹಾಕಬೇಕು. ಫಿನ್ ಬಿಚ್ಚಿ, ಮೂತಿ ಬಾಲಕ್ಕೆ ರಟ್ಟು ಸುತ್ತಿ, ರೇಲ್ ಉದ್ದಕ್ಕೂ ಪೈಪಿಗೆ ಹಾಕುವ ಸ್ಪಂಜಿನ ಕೊಳವೆ ಸೀಳಿ ತೊಡಿಸಿ. ನಿಮ್ಮ ವಾಡಿ ಮುಂಬೈ–ಚೆನ್ನೈ ಹಾದಿಯ ಮೇಲೇ ಇರುವುದರಿಂದ, ಮೂಲ್ಕಿಗಿಂತ ಚೆನ್ನೈ ದಕ್ಷಿಣದ ಕೋವಳಂ ತಲುಪುವುದು ಸಲೀಸು. ಅಲ್ಲಿ ಸರ್ಫ್ ಶಾಲೆಗಳಿವೆ, ಬಾಡಿಗೆಗೆ ಬೋರ್ಡ್ ಸಿಗುತ್ತದೆ. ಮೊದಲ ಸಲ ಫಿನ್, ಲೀಶ್ ಮಾತ್ರ ಒಯ್ದು, ನಿಮ್ಮ ಲೆಕ್ಕದ ಲೀಟರ್‌ನ ಎರಡು ಮೂರು ಬೋರ್ಡ್ ಬಾಡಿಗೆಗೆ ಪಡೆದು ನೋಡಿ; ಫಿನ್ ಪೆಟ್ಟಿಗೆ ಯಾವುದು ಅಂತ ಫೋನಿನಲ್ಲೇ ಕೇಳಿಕೊಂಡು ಹೊರಡಿ.