ಹಳೇ ಸಾಗುವಾನಿಗೆ ಹೊಸ ಪಾಲಿಶ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಜ್ಜನ ಕಾಲದ ಸಾಗುವಾನಿ ಆರಾಮಕುರ್ಚಿಗೆ ಎಂದೋ ಹಸಿರು ಎನಾಮೆಲ್ ಬಳಿದಿದ್ದಾರೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದರೆ ಬಣ್ಣ ಬೇಗ ಹೋಗುತ್ತದಂತೆ, ನಿಜವೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬಣ್ಣವೇನೋ ಹೋಗುತ್ತದೆ. ಅದರ ಜತೆಗೆ ಸಾಗುವಾನಿ ಕಪ್ಪಾಗುತ್ತದೆ, ಎಳೆ ಏಳುತ್ತದೆ, ಕೂಡುಗಳ ಹಳೇ ಅಂಟು ಬಿಡುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಒಣಗಿದಲ್ಲೇ ಮರಳುಕಾಗದ ಹಾಕಿ ಉಜ್ಜುವುದೂ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಮಕ್ಕಳಿರುವ ಮನೆಯಲ್ಲಿ ಆ ಧೂಳು ಏಳಲೇಬಾರದು. ಬೆಂಕಿಯಿಂದ ಸುಡುವುದಂತೂ ಇನ್ನೂ ಕೆಟ್ಟದ್ದು.

ಗಟ್ಟಿ ಪೇಂಟ್ ರಿಮೂವರ್ ತನ್ನಿ. ಗಾಳಿಯಾಡುವ ನೆರಳಿನಲ್ಲಿ, ರಾಸಾಯನಿಕ ತಾಳುವ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಒಮ್ಮೆಗೆ ಎರಡು ಚದರಡಿಯಷ್ಟಕ್ಕೆ ಮಾತ್ರ ದಪ್ಪಗೆ, ಒಂದೇ ದಿಕ್ಕಿಗೆ ಹಚ್ಚಿ. ಮತ್ತೆ ಮತ್ತೆ ಬ್ರಷ್ ಆಡಿಸಿದರೆ ರಿಮೂವರ್‌ನ ಮೇಲೆ ಕಟ್ಟುವ ಮೇಣದ ಪದರ ಒಡೆದು ಮದ್ದು ಹಾರಿಹೋಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ನೆರಳಿನಲ್ಲೂ ಬೇಗ ಒಣಗುವುದರಿಂದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. 15–20 ನಿಮಿಷಕ್ಕೆ ಬಣ್ಣ ಸುಕ್ಕುಗಟ್ಟುತ್ತದೆ. ಮೂಲೆ ಮೊಂಡಾಗಿಸಿದ ಪಟ್ಟಿಯಿಂದ ಎಳೆಯ ಗುಂಟ ಕೆರೆಯಿರಿ, ಕಡೆತದ ಕಾಲುಗಳಿಗೆ ಸೆಣಬಿನ ಹಗ್ಗ ಸುತ್ತಿ ಎಳೆದಾಡಿ. ಎರಡನೇ ಸಲವೂ ಹಚ್ಚಬೇಕಾದೀತು.

ಬಹಳ ಜನ ಬಿಟ್ಟುಬಿಡುವ ಹಂತವೊಂದಿದೆ: ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಬಾರಿ ಒರೆಸುವುದು. ರಿಮೂವರ್‌ನ ಮೇಣ ಮರದಲ್ಲೇ ಉಳಿದರೆ ಹೊಸ ಪಾಲಿಶ್ ಎಷ್ಟು ದಿನ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಆಮೇಲೆ ಪಾಲಿಶ್ ದೂಷಿಸಿ ಫಲವಿಲ್ಲ.

ಒಂದು ದಿನ ಒಣಗಿದ ಮೇಲೆ ಬಣ್ಣದ ಚೂರೊಂದೂ ಉಳಿದಿಲ್ಲವೆಂದು ನೋಡಿಕೊಂಡು 120, ನಂತರ 220 ನಂಬರಿನ ಕಾಗದದಲ್ಲಿ ಎಳೆಯ ಗುಂಟವೇ ಉಜ್ಜಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಆರಾಮಕುರ್ಚಿಗೆ ನಮ್ಮ ಆಯ್ಕೆ ಅರಗಿನ ಸ್ಪಿರಿಟ್ ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಹತ್ತಿ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ತೆಳ್ಳಗೆ ಆರೆಂಟು ಕೈ ಎಳೆಯಿರಿ. ಸ್ಪಿರಿಟ್ ಬಳಿ ಬೆಂಕಿ ಬೇಡ.

ಪ್ರಶ್ನೆ: ಬಾಗಿಲಿಗೆ ವಾರ್ನಿಶ್ ಹೊಡೆದರೆ ಬ್ರಷ್ ಗೆರೆ ಉಳಿಯುತ್ತದೆ, ಮೇಲೆಲ್ಲ ಧೂಳಿನ ಕಾಳು. ಏನು ತಪ್ಪು?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮೂರಿನ ಒಣಗಾಳಿ. ಗೆರೆ ಕೂಡಿಕೊಳ್ಳುವಷ್ಟರಲ್ಲಿ ವಾರ್ನಿಶ್ ಬಿಗಿದುಕೊಳ್ಳುತ್ತದೆ. ಬಾಗಿಲು ಕಳಚಿ ಒಳಕೋಣೆಯಲ್ಲಿ ಅಡ್ಡ ಮಲಗಿಸಿ, ನೆಲಕ್ಕೆ ನೀರು ಚಿಮುಕಿಸಿ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ವಾರ್ನಿಶ್‌ಗೆ ಹತ್ತನೇ ಒಂದು ಪಾಲು ಟರ್ಪೆಂಟೈನ್ ಬೆರೆಸಿ. 24 ಗಂಟೆ ಬಿಟ್ಟು 400 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಕಾಳು ಸವರಿ, ಒರೆಸಿ ಒಣಗಿಸಿ, ಎರಡನೇ ಕೈ ಕೊಡಿ. ನೆಲ ಒದ್ದೆ ಮಾಡುವ ಉಪಾಯ ವಾರ್ನಿಶ್‌ಗೆ ಮಾತ್ರ. ಅರಗಿನ ಪಾಲಿಶ್ ತೇವ ಕಂಡರೆ ಬೆಳ್ಳಗೆ ಮಂಜು ಕಟ್ಟುತ್ತದೆ.