ದಾನಿಗಳ ಪಟ್ಟಿಗೊಂದು ಸಾಫ್ಟ್‌ವೇರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹಳ್ಳಿ ಶಾಲೆಗಳಿಗೆ ನೆರವಾಗುವ ಸಣ್ಣ ಟ್ರಸ್ಟ್. ದಾನಿಗಳು, ಸ್ವಯಂಸೇವಕರು, ಶಾಲೆಯ ಮೇಷ್ಟ್ರುಗಳು, ಎಲ್ಲರ ವಿವರ ಬೇರೆ ಬೇರೆ ಎಕ್ಸೆಲ್ ಶೀಟುಗಳಲ್ಲಿ ಚೆಲ್ಲಾಪಿಲ್ಲಿಯಾಗಿದೆ. ನಾನೂ ಇಬ್ಬರು ಗೆಳೆಯರೂ ಸಾಫ್ಟ್‌ವೇರ್ ಕೆಲಸದವರು. ಬೇರೆ ಸಂಸ್ಥೆಗಳಿಗೂ ಉಪಯೋಗಕ್ಕೆ ಬರುವಂಥ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ನಾವೇ ಬರೆಯೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?
– ಓದುಗರು, ಹುಬ್ಬಳ್ಳಿ

ಉತ್ತರ: ಸೊನ್ನೆಯಿಂದ ಬರೆಯೋಕೆ ಹೋಗಬೇಡಿ. ಉತ್ಸಾಹಕ್ಕೆ ತಣ್ಣೀರು ಎರಚೋಕೆ ಹೇಳ್ತಿಲ್ಲ. ಹೆಸರು, ಫೋನು, ವಿಳಾಸ ಹಾಕೋ ಪರದೆ ಮಾಡೋದು ಮೂರು ಜನಕ್ಕೆ ಒಂದು ವಾರಾಂತ್ಯದ ಕೆಲಸ. ಆಮೇಲೆ ರಸೀದಿ ಬೇಕು, ಇಮೇಲ್ ಕಳಿಸಬೇಕು, ಯಾರಿಗೆ ಏನು ಕಾಣಬೇಕು ಅನ್ನೋ ಅನುಮತಿ ಬೇಕು, ಭದ್ರತೆಯ ತೂತು ಸಿಕ್ಕಾಗ ಮುಚ್ಚೋಕೆ ಯಾರಾದರೂ ಬೇಕು. ಅಷ್ಟು ಹೊತ್ತಿಗೆ ನಿಮ್ಮಲ್ಲೊಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಹೊಸ ಕೆಲಸ. ಟ್ರಸ್ಟಿನವರು ಮತ್ತೆ ಎಕ್ಸೆಲ್ಲಿಗೆ ವಾಪಸ್.

ಈ ಕೆಲಸಕ್ಕೆ ಅಂತಲೇ ಸಿವಿಸಿಆರ್‌ಎಂ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. 2005ರಿಂದ ಬೆಳೆದು ಬಂದಿದೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೇಲೆ ನಡೆಯುತ್ತೆ, ವರ್ಡ್‌ಪ್ರೆಸ್ ಅಥವಾ ದ್ರುಪಾಲ್ ಸೈಟಿನ ಒಳಗೇ ಕೂರಿಸಬಹುದು. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ ತನ್ನ ದಾನಿಗಳ ಲೆಕ್ಕ ಇಡೋದು ಇದರಲ್ಲೇ. ಇದನ್ನು ಕಟ್ಟಿದವರಲ್ಲಿ ಒಬ್ಬರಾದ ಡೊನಾಲ್ಡ್ ಲೋಬೊ ಯಾಹೂವಿನ ಶುರುವಿನ ದಿನಗಳ ಎಂಜಿನಿಯರ್. ಈಚಿನ ವರ್ಷಗಳಲ್ಲಿ ಪ್ರಾಜೆಕ್ಟ್ ಟೆಕ್4ಡೆವ್ ಮೂಲಕ ನಮ್ಮ ದೇಶದ ಸಂಸ್ಥೆಗಳ ಜೊತೆಗೇ ಕೆಲಸ ಮಾಡ್ತಿದ್ದಾರೆ. ಪೈಥಾನ್ ಕಡೆಯವರಾದರೆ ಸಂಸ್ಥೆಯ ಲೆಕ್ಕಪತ್ರ, ವ್ಯವಹಾರ ನೋಡಿಕೊಳ್ಳುವ, ಮುಂಬೈನ ಫ್ರಾಪ್ಪೆಯವರ ಇಆರ್‌ಪಿನೆಕ್ಸ್ಟ್ ನೋಡಿ. ಲಾಭರಹಿತ ಸಂಸ್ಥೆಗಳಿಗಾಗಿ ಅದಕ್ಕೆ ಪ್ರತ್ಯೇಕ ಆಪ್ ಇದೆ, ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಪ್ರಮಾಣಪತ್ರವನ್ನೂ ಅದರಲ್ಲಿ ಯೋಚಿಸಿದ್ದಾರೆ.

ಹಾಗಾದರೆ ನಿಮಗೆ ಬರೆಯೋಕೆ ಏನು ಉಳಿಯಿತು? ಬೇಕಾದಷ್ಟಿದೆ. ಸಿವಿಸಿಆರ್‌ಎಂ ಅನ್ನು ಮುಖ್ಯವಾಗಿ ಅಮೆರಿಕ, ಯುರೋಪಿನ ಸಂಸ್ಥೆಗಳ ಅಗತ್ಯ ನೋಡಿ ಕಟ್ಟಿದ್ದು. ನಮ್ಮ ಕಾನೂನು ಅದಕ್ಕೆ ಗೊತ್ತಿಲ್ಲ. 80ಜಿ ಇರುವ ಟ್ರಸ್ಟುಗಳು 2021-22ರಿಂದ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಾಗಿ ಬಂತು. ಮೇ 31 ಕೊನೆ ದಿನ. ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿದರೂ ಪಾಪ ದಾನಿಗೆ ವಿನಾಯಿತಿ ಸಿಗಲ್ಲ, ಬೈಗುಳ ಟ್ರಸ್ಟಿಗೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೂ ವಿನಾಯಿತಿ ಇಲ್ಲ. ಇದನ್ನೆಲ್ಲ ಹಣ ನಮೂದಿಸುವಾಗಲೇ ಹಿಡಿದು ಹೇಳುವ ಒಂದು ಎಕ್ಸ್‌ಟೆನ್ಶನ್, ಅಂದರೆ ಸಿವಿಸಿಆರ್‌ಎಂಗೆ ಜೋಡಿಸುವ ಹೆಚ್ಚುವರಿ ತುಣುಕು, ಬರೆಯಿರಿ. ಸಿವಿಕ್ಸ್ ಅನ್ನೋ ಉಪಕರಣ ಅದರ ಹಂದರ ತಾನೇ ಹಾಕಿಕೊಡುತ್ತೆ. ಒಂದು ಎಚ್ಚರ: ನಮೂನೆಯ ಹೆಸರು, ಕಲಮಿನ ಸಂಖ್ಯೆ ಇವನ್ನು ಕೋಡಿನೊಳಗೆ ಹುಗಿಯಬೇಡಿ, ಸೆಟ್ಟಿಂಗ್ಸ್‌ನಲ್ಲಿ ಇಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಅಂತ ಸರ್ಕಾರ ಹಳೆಯ ಕಲಮುಗಳ ಸಂಖ್ಯೆಯನ್ನೇ ಬದಲಿಸಿದೆ.

ಇನ್ನೊಂದು, ತುಂಬ ಜನ ಎಡವೋ ಜಾಗ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ದುಡ್ಡು ಕಳಿಸ್ತಾರೆ ಅನ್ಕೊಳ್ಳಿ. ಅವರು ಇನ್ನೂ ಭಾರತದ ಪ್ರಜೆಯಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಕೈಯಲ್ಲಿ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಇದ್ದರೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಂದರೆ ನಿಮ್ಮ ಸಾಫ್ಟ್‌ವೇರು ಕೇಳಬೇಕಾದದ್ದು ದಾನಿ ಇರೋ ದೇಶವನ್ನಲ್ಲ, ಯಾವ ದೇಶದ ಪಾಸ್‌ಪೋರ್ಟ್ ಅನ್ನೋದನ್ನ. ಹೊರಗಿನಿಂದ ಬಂದ ಸಾಫ್ಟ್‌ವೇರು ಇದನ್ನು ತಾನಾಗಿ ಕೇಳಲ್ಲ, ಅಲ್ವಾ?

ಲೈಸೆನ್ಸ್ ಬಗ್ಗೆ ಒಂದೇ ಮಾತು. ಸಿವಿಸಿಆರ್‌ಎಂದು ಎಜಿಪಿಎಲ್. ನೀವು ಅದನ್ನು ಬದಲಿಸಿ ನೆಟ್‌ನಲ್ಲಿ ಜನರಿಗೆ ಬಳಸೋಕೆ ಕೊಟ್ಟರೆ ಬದಲಿಸಿದ ಕೋಡನ್ನೂ ಅವರಿಗೆ ಕೊಡಬೇಕು. ನಿಮ್ಮ ಉದ್ದೇಶವೂ ಅದೇ ಆಗಿರೋದರಿಂದ ತೊಂದರೆ ಇಲ್ಲ.

ಪ್ರಶ್ನೆ: ಹಳೇ ಪಟ್ಟಿಗಳನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಹಾಕಿದೆವು. ಒಬ್ಬರೇ ದಾನಿ ಎರಡು ಮೂರು ಕಡೆ ಬರ್ತಿದ್ದಾರೆ. ಕೆಲವು ಕನ್ನಡ ಹೆಸರುಗಳಂತೂ ಓದೋಕೇ ಆಗಲ್ಲ. ಏನು ಮಾಡೋದು?
– ಓದುಗರು, ತುಮಕೂರು

ಉತ್ತರ: ಓದೋಕಾಗದೆ ಇರೋದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದು ಕನ್ನಡದ ಹಾಗೆ ಕಾಣುವ ಇಂಗ್ಲಿಷ್ ಅಕ್ಷರ ಅಷ್ಟೇ. ಫಾಂಟ್ ಹೋದ ತಕ್ಷಣ ಬಣ್ಣ ಬಯಲು. ಅದನ್ನು ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಯೇ ಒಳಗೆ ತರಬೇಕು. ಯುನಿಕೋಡಿನಲ್ಲೇ ಇದ್ದರೆ ಎಕ್ಸೆಲ್‌ನಿಂದ ಉಳಿಸುವಾಗ ಬರೀ ಸಿಎಸ್‌ವಿ ಅಂತ ಕೊಟ್ಟಿರ್ತೀರಿ. ಸಿಎಸ್‌ವಿ ಯುಟಿಎಫ್-8 ಅನ್ನೋ ಆಯ್ಕೆ ಅದರ ಹತ್ತಿರದಲ್ಲೇ ಇದೆ, ಅದನ್ನು ಆರಿಸಿ.

ಡೂಪ್ಲಿಕೇಟ್ ಸಮಸ್ಯೆ ಇದಕ್ಕಿಂತ ತಲೆನೋವು. ಇಂಗ್ಲಿಷಿನಲ್ಲಿ ಲಕ್ಷ್ಮಿಗೆ ಕೆಲವರು ‘ಕೆಎಸ್’ ಹಾಕ್ತಾರೆ, ಕೆಲವರು ‘ಎಕ್ಸ್’. ಕನ್ನಡದಲ್ಲಿ ಬರೆದರೆ ಪಾರಾದೆವು ಅನ್ಕೋಬೇಡಿ. ‘ಕುಮಾರ್’ ಅಂತ ಎರಡು ಸಾಲಿನಲ್ಲಿದೆ, ನೋಡೋಕೆ ತದ್ರೂಪ. ಆದರೆ ಒಂದರ ಕೊನೆಯಲ್ಲಿ, ಅರ್ಧಾಕ್ಷರದ ಆಮೇಲೆ, ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯೋ ಚಿಹ್ನೆ ಕೂತಿರುತ್ತೆ. ಕೆಲವು ಕೀಲಿಮಣೆಗಳು, ಪರಿವರ್ತಕಗಳು ಅದನ್ನು ಸುಮ್ನೆ ಸೇರಿಸಿಬಿಡ್ತವೆ. ಆಗ ಹೋಲಿಸಿ ನೋಡುವ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಹಾಗಂತ ಆ ಚಿಹ್ನೆಯನ್ನು ಎಲ್ಲ ಕಡೆ ಅಳಿಸಬೇಡಿ. ‘ರಾಜ್‌ಕುಮಾರ್’ ಸರಿಯಾಗಿ ಕಾಣೋಕೆ ನಡುವೆ ಅದು ಬೇಕೇ ಬೇಕು. ಪದದ ಕೊನೆಯಲ್ಲಿದ್ದರೆ ಮಾತ್ರ ತೆಗೆಯಿರಿ. ‘ಓ’ ಕಾರದಂಥ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು, ಅದಕ್ಕೆ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಒಂದೇ ಸಂಕೇತವಾಗಿಸುವ ಯುನಿಕೋಡ್ ವಿಧಾನ, ಮಾಡಿದರೆ ಸಾಕು.

ಫೋನ್ ನಂಬರ್ ನಂಬಿ ಅಂತ ಹೇಳಬಹುದಿತ್ತು. ಆದರೆ ಅದೂ ಒಂದೇ ಥರ ಇರಲ್ಲ: ಒಂದೆಡೆ +91, ಇನ್ನೊಂದೆಡೆ ಮುಂದೆ ಸೊನ್ನೆ, ಮತ್ತೊಂದೆಡೆ ಬರೀ ಹತ್ತಂಕಿ. ಮೊದಲು ಕೊನೆಯ ಹತ್ತಂಕಿ ಮಾತ್ರ ಇಟ್ಟುಕೊಂಡು ಹೋಲಿಸಿ. ಆದರೂ ಹಳ್ಳಿ ಕಡೆ ಮನೆಗೊಂದೇ ಫೋನು ಇರೋದುಂಟು. ಅತ್ತೆ, ಸೊಸೆ, ಮಗ ಮೂವರೂ ಅದೇ ನಂಬರ್ ಕೊಟ್ಟಿರ್ತಾರೆ. ಫೋನ್ ಒಂದೇ ಅಂತ ಅವರನ್ನು ಒಬ್ಬರನ್ನಾಗಿ ಮಾಡಿಬಿಟ್ಟರೆ ರಸೀದಿ ಯಾರ ಹೆಸರಿಗೆ ಹೋಗಬೇಕು? ಸಿವಿಸಿಆರ್‌ಎಂನಲ್ಲಿ ಡೂಪ್ಲಿಕೇಟ್ ಹುಡುಕುವ ನಿಯಮಕ್ಕೆ ಅಂಕ ಕೊಡಬಹುದು. ಫೋನ್ ಹೊಂದಿದರೆ 6, ಹೆಸರು ಹೊಂದಿದರೆ 4, ಒಟ್ಟು 10 ಆದರೆ ಮಾತ್ರ ತೋರಿಸು, ಹೀಗೆ. ತೋರಿಸಿದ ಮೇಲೆ ಸೇರಿಸಬೇಕೋ ಬೇಡವೋ ಅನ್ನೋದನ್ನು ಆ ಜನರನ್ನು ಬಲ್ಲವರು ಕೂತು ನೋಡಲಿ. ಒಂದೇ ಮನೆಯವರನ್ನು ಕೂಡಿಸೋಕೆ ಮನೆ ಅನ್ನೋ ಬೇರೆ ಬಗೆಯ ದಾಖಲೆಯೇ ಅದರಲ್ಲಿದೆ.

ಪ್ರಶ್ನೆ: ನಾನು ಟ್ರಸ್ಟ್ ಒಂದರ ಖಜಾಂಚಿ. ಓಪನ್ ಸೋರ್ಸ್ ಅಂದ್ರೆ ನಮ್ಮ ದಾನಿಗಳ ವಿವರವೂ ಓಪನ್ ಆಗಿಬಿಡುತ್ತಾ ಸ್ವಾಮಿ?
– ಓದುಗರು, ಮೈಸೂರು

ಉತ್ತರ: ಇಲ್ಲ ಸಾರ್. ತೆರೆದಿರೋದು ಕೋಡು ಮಾತ್ರ. ಮಾಹಿತಿ ನೀವು ಇಟ್ಟ ಸರ್ವರಿನಲ್ಲಿ, ನೀವು ಕೊಟ್ಟ ಬೀಗದ ಹಿಂದೆ ಇರುತ್ತೆ. ನನಗೆ ಹೆದರಿಕೆ ಇರೋದು ಬೇರೆ ಕಡೆ: ವಾಟ್ಸಾಪ್ ಗುಂಪಿಗೆ ಕಳಿಸಿದ ಎಕ್ಸೆಲ್ ಫೈಲು, ಕೆಲಸ ಬಿಟ್ಟುಹೋದವರ ಲ್ಯಾಪ್‌ಟಾಪು, ಪರೀಕ್ಷೆಗೆ ಅಂತ ಹುಡುಗರು ನಿಜವಾದ ದಾನಿಗಳ ಪಟ್ಟಿಯನ್ನೇ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ಬಿಗೆ ಏರಿಸೋದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಕಡೆಗಣಿಸಿದ್ದಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹಾಕೋ ಅವಕಾಶ ಇದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು, ಹಂತ ಹಂತವಾಗಿ ಜಾರಿ. ನಿಮಗೆ ಅಷ್ಟು ಬೀಳುತ್ತೆ ಅಂತಲ್ಲ. ಆದರೆ ಪ್ಯಾನ್ ಇರುವವರ ಆಧಾರ್ ಪ್ರತಿಯನ್ನೂ ತೆಗೆದಿಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ನನಗೆ ಕೋಡ್ ಬರೆಯೋಕೆ ಬರಲ್ಲ. ಆದರೂ ಕೈ ಜೋಡಿಸಬಹುದಾ?
– ಓದುಗರು, ಶಿರಸಿ

ಉತ್ತರ: ಖಂಡಿತ. ಸಿವಿಸಿಆರ್‌ಎಂ ಅನುವಾದ ಟ್ರಾನ್ಸಿಫೆಕ್ಸ್ ಅನ್ನೋ ಜಾಲತಾಣದಲ್ಲಿ ನಡೆಯುತ್ತೆ, ಬ್ರೌಸರ್ ಇದ್ದರೆ ಸಾಕು. ಇಡೀ ಸಾಫ್ಟ್‌ವೇರಿಗೆ ಕೈ ಹಾಕಬೇಡಿ, ಸಾವಿರಾರು ಸಾಲು ನೋಡಿ ಸುಸ್ತಾಗ್ತೀರಿ. ದಾನಿ ನೋಡುವ ಪುಟ, ರಸೀದಿ, ಸ್ವಯಂಸೇವಕರು ತುಂಬುವ ಫಾರ್ಮ್ ಇಷ್ಟು ಮೊದಲು. ‘ಸಂಪರ್ಕಿತ ವ್ಯಕ್ತಿ’ ಥರದ ಭಾಷೆ ಬೇಡ. ಮುಗಿಸಿದ್ದನ್ನು ಹಣ ನಮೂದಿಸುವವರ ಮುಂದೆ ತೆರೆದಿಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂರಿ. ಅವರು ಎಲ್ಲಿ ನಿಂತರು, ಯಾವ ಬಟನ್ ಒತ್ತಿದರು, ಏನಾಗುತ್ತೆ ಅನ್ಕೊಂಡಿದ್ದರು, ಏನಾಯಿತು, ಇಷ್ಟನ್ನು ಸ್ಕ್ರೀನ್‌ಶಾಟ್ ಸಮೇತ ಬರೆದು ಹುಬ್ಬಳ್ಳಿಯವರಂಥ ಹುಡುಗರಿಗೆ ಕಳಿಸಿ. ಸ್ಕ್ರೀನ್‌ಶಾಟಿನಲ್ಲಿ ದಾನಿಗಳ ಹೆಸರು ಮಾತ್ರ ಮುಚ್ಚಿ.