ಹತ್ತಿದ ಊರು, ಹುಟ್ಟಿದ ಊರು

ಬೋಸ್ಟನ್ನಿನ ದಕ್ಷಿಣಕ್ಕಿರುವ ಕ್ವಿನ್ಸಿಯಲ್ಲಿ ಬಾಡಿಗೆ ಮನೆ ಗೊತ್ತುಮಾಡಿಕೊಂಡು, ಮುಂದಿನ ತಿಂಗಳು ಗಂಡ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಬರುತ್ತಿರುವುದಾಗಿ ಬರೆದಿದ್ದೀರಿ. ನೀವು ನನ್ನನ್ನು ಅಕ್ಕ ಎಂದು ಕರೆದಿರುವುದರಿಂದ ಸ್ವಲ್ಪ ಸಲಿಗೆಯಿಂದಲೇ ಉತ್ತರಿಸುತ್ತೇನೆ. ಚಳಿ, ಬಾಡಿಗೆ, ಶಾಲೆಗಳ ಜೊತೆಗೆ ನೀವು ಕೇಳಿರುವ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆ ಬೀದಿಯಲ್ಲಿ ಐರಿಷ್ ಮನೆತನಗಳೇ ಹೆಚ್ಚಂತೆ, ನಾಲ್ಕೈದು ತಲೆಮಾರು ಕಳೆದರೂ ಅವರು ತಮ್ಮನ್ನು ಐರಿಷ್ ಎಂದೇ ಹೇಳಿಕೊಳ್ಳುತ್ತಾರಂತೆ. ಅವರು ನಮ್ಮಂಥವರನ್ನು ಹತ್ತಿರ ಸೇರಿಸುತ್ತಾರೆಯೇ, ಅವರ ಹಾಗೆ ನಮ್ಮ ಮಗಳೂ ದೊಡ್ಡವಳಾದ ಮೇಲೆ ತನ್ನನ್ನು ಕನ್ನಡದವಳೆಂದು ಹೇಳಿಕೊಳ್ಳಬಲ್ಲಳೇ ಎಂದು ಕೇಳಿದ್ದೀರಿ.

ಸಣ್ಣ ವಿಷಯಗಳನ್ನು ಮೊದಲು ಮುಗಿಸುತ್ತೇನೆ. ಚಳಿಯ ಕೋಟನ್ನು ಊರಿನಿಂದ ಹೊತ್ತು ತರಬೇಡಿ, ಇಲ್ಲಿಯೇ ಕೊಳ್ಳಿ. ಮನೆ ಬೆಚ್ಚಗಿಡುವ ಖರ್ಚು ಯಾರದೆಂಬುದು ಬಾಡಿಗೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಲಿ. ನಗರಕ್ಕೆ ಹೋಗಲು ರೆಡ್ ಲೈನ್ ರೈಲು ಇದೆ. ಉಳಿದದ್ದು ಬಂದ ತಿಂಗಳೊಳಗೆ ನಿಮಗೇ ತಿಳಿಯುತ್ತದೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಾವು ಬೋಸ್ಟನ್ನಿನ ಬಡಾವಣೆಯಾದ ಡಾರ್ಚೆಸ್ಟರ್‌ನ ಒಂದು ಮೂರಂತಸ್ತಿನ ಮರದ ಮನೆಯ ಮೇಲಿನ ಅಂತಸ್ತಿನಲ್ಲಿದ್ದೆವು. ಕೆಳಗೆ ಮನೆಯೊಡತಿ ಇದ್ದರು; ಎಪ್ಪತ್ತು ದಾಟಿದ, ಐರಿಷ್ ಮೂಲದ ವಿಧವೆ. ಮೊದಲ ವಾರವೇ ನನ್ನನ್ನು ಚಹಾಕ್ಕೆ ಕರೆದರು. ಕಪ್ಪಗೆ, ಗಟ್ಟಿಯಾಗಿ ಇಳಿಸಿದ ಚಹಾಕ್ಕೆ ಧಾರಾಳವಾಗಿ ಹಾಲು ಬೆರೆಸಿ ಮುಂದಿಟ್ಟಾಗ, ಆ ಬಣ್ಣ ನೋಡಿಯೇ ನನ್ನ ಗಂಟಲು ಕಟ್ಟಿತು. ಯಾವ ಊರು ಎಂದು ಕೇಳಿದರು. ಬೆಂಗಳೂರು ಎಂದೆ. "ಅದು ನೀನು ವಿಮಾನ ಹತ್ತಿದ ಊರೋ, ಹುಟ್ಟಿದ ಊರೋ?" ಎಂದು ಅವರು ಮರುಪ್ರಶ್ನೆ ಹಾಕಿದರು. ನಾನು ಸಾಗರದ ಹೆಸರು ಹೇಳಿದೆ. ಅಷ್ಟಕ್ಕೂ ಬಿಡದೆ, ಸಾಗರದಿಂದ ಎಷ್ಟು ದೂರ, ಯಾವ ಹಳ್ಳಿ, ಅಲ್ಲಿ ಈಗ ಯಾರಿದ್ದಾರೆ ಎಂದು ವಿಚಾರಿಸಿದರು. ಆ ಮರುಪ್ರಶ್ನೆಯ ಹಿಂದಿದ್ದ ನೋವು ನನಗೆ ತಿಳಿಯಲು ವರ್ಷಗಳೇ ಹಿಡಿದವು.

ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ಕೊಳೆರೋಗ ತಗುಲಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. 1847ರಲ್ಲಿ ಜ್ವರ ಹಿಡಿದು ಬಂದಿಳಿದವರನ್ನು ಬೋಸ್ಟನ್ ಬಂದರಿನ ಡಿಯರ್ ದ್ವೀಪದಲ್ಲಿ ಇರಿಸಲಾಯಿತು, ನೂರಾರು ಮಂದಿ ಅಲ್ಲಿಯೇ ಮಣ್ಣಾದರು. ಕೆನಡಾದ ಕ್ವಿಬೆಕ್ ಬಳಿಯ ಗ್ರೋಸ್ ದ್ವೀಪದಲ್ಲಿ ಅದೇ ವರ್ಷ ಹೂಳಲ್ಪಟ್ಟವರು ಐದು ಸಾವಿರಕ್ಕೂ ಹೆಚ್ಚು. ಕ್ಷಾಮ ಕಳೆದರೂ ವಲಸೆ ನಿಲ್ಲಲಿಲ್ಲ. ನಮ್ಮ ಮನೆಯೊಡತಿಯ ಮುತ್ತಜ್ಜ ಬಂದದ್ದು 1860ರ ದಶಕದಲ್ಲಿ. ಅವರ ಮನೆಯಲ್ಲಿ ಉಳಿದಿದ್ದ ಮಾತು ಒಂದೇ: "ನಾವು ಕಾರ್ಕ್‌ನವರು." ಆದರೆ ಕಾರ್ಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ) ಬಂದರು ಕ್ವೀನ್ಸ್‌ಟೌನ್, ಈಗಿನ ಕೋವ್, ಲಕ್ಷಾಂತರ ಜನ ಹಡಗು ಹತ್ತಿದ ಜಾಗ. ಮುತ್ತಜ್ಜ ಅಲ್ಲಿ ಹುಟ್ಟಿದ್ದನೋ, ಬೇರೆಲ್ಲಿಂದಲೋ ನಡೆದು ಬಂದು ಅಲ್ಲಿ ಹಡಗು ಹತ್ತಿದ್ದನೋ ಎಂಬುದನ್ನು ಹೇಳುವವರು ಯಾರೂ ಉಳಿದಿರಲಿಲ್ಲ.

ಕಾಗದಪತ್ರಗಳಲ್ಲಿ ಹುಡುಕಬಹುದಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸಿತ್ತು. ಅಮೆರಿಕದ ಜನಗಣತಿಯ ಹಾಳೆಗಳಲ್ಲಿ ಹುಟ್ಟಿದ ಸ್ಥಳದ ಎದುರಿಗೆ ಬಹುಮಟ್ಟಿಗೆ 'ಐರ್ಲೆಂಡ್' ಎಂದಷ್ಟೇ ಇರುತ್ತದೆ. ಅತ್ತ ಐರ್ಲೆಂಡಿನಲ್ಲಿ, 1922ರ ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸುಟ್ಟುಹೋಗಿ, ಶತಮಾನಗಳ ಕಡತಗಳು ಬೂದಿಯಾದವು. ಕ್ಯಾಥೊಲಿಕ್ ಚರ್ಚುಗಳ ನಾಮಕರಣ, ಮದುವೆಗಳ ಪುಸ್ತಕಗಳು ಮಾತ್ರ ಆಯಾ ಪ್ಯಾರಿಷ್‌ಗಳಲ್ಲಿಯೇ, ಅಂದರೆ ಒಂದೊಂದು ಚರ್ಚಿಗೆ ಸೇರಿದ ವಲಯಗಳಲ್ಲಿಯೇ, ಇದ್ದುದರಿಂದ ಬಹುಪಾಲು ಉಳಿದುಕೊಂಡವು. ಆದ್ದರಿಂದ ಪ್ಯಾರಿಷ್‌ನ ಹೆಸರು ಗೊತ್ತಿದ್ದವನಿಗೆ ಬಾಗಿಲು ತೆರೆಯುತ್ತದೆ, ಗೊತ್ತಿಲ್ಲದವನಿಗೆ ಎಲ್ಲಿಂದ ತೊಡಗಬೇಕೆಂದೇ ತಿಳಿಯುವುದಿಲ್ಲ. ಬಂದ ಮೊದಲ ತಲೆಮಾರಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. ಬೋಸ್ಟನ್ನಿನ 'ಪೈಲಟ್' ಪತ್ರಿಕೆ 1831ರಿಂದ 1921ರವರೆಗೆ, ಕಾಣೆಯಾದ ಬಂಧುಗಳನ್ನು ಹುಡುಕುವವರ ಜಾಹೀರಾತುಗಳಿಗೆ ಒಂದು ಅಂಕಣವನ್ನೇ ಮೀಸಲಿಟ್ಟಿತ್ತು. ಅಣ್ಣನನ್ನು ಹುಡುಕುವ ತಂಗಿ ಅಲ್ಲಿ ಅವನ ಕೌಂಟಿ, ಪ್ಯಾರಿಷ್, ಊರು ಬಿಟ್ಟ ವರ್ಷ, ಕೊನೆಗೆ ಕೆಲಸಕ್ಕಿದ್ದ ಜಾಗ ಎಲ್ಲವನ್ನೂ ಬರೆಸುತ್ತಿದ್ದಳು. ಅವಳ ಮೊಮ್ಮಕ್ಕಳ ಕಾಲಕ್ಕೆ ಆ ವಿವರ ಕರಗಿ, 'ಐರಿಷ್' ಎಂಬ ಒಂದು ಹೆಸರಷ್ಟೇ ಉಳಿಯಿತು.

ನಮ್ಮ ಮನೆಯೊಡತಿ ಚರ್ಚಿನ ಗೆಳತಿಯರ ಜೊತೆ ಒಮ್ಮೆ ಐರ್ಲೆಂಡಿಗೆ ಹೋಗಿ ಬಂದರು. ಹಿಂದಿರುಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಕಾರ್ಕ್ ಕೌಂಟಿಯ ನಕ್ಷೆಯನ್ನು ಹರಡಿ ನನಗೆ ತೋರಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಸಿಬ್ಬಂದಿಯ ಹುಡುಗಿ ಯಾವ ಪ್ಯಾರಿಷ್ ಎಂದು ಕೇಳಿದಳಂತೆ. ಇವರು ಉತ್ತರಿಸಲಾಗದೆ ನಿಂತಾಗ, ಅವಳು ಬೇಸರಪಡದೆ ಆ ನಕ್ಷೆಯನ್ನು ಕೊಟ್ಟು, ಇವುಗಳಲ್ಲಿ ಯಾವುದೂ ಆಗಿರಬಹುದು ಎಂದಳಂತೆ. ನಕ್ಷೆಯ ಮೇಲೆ ನೂರಾರು ಪ್ಯಾರಿಷ್‌ಗಳ ಗೆರೆಗಳಿದ್ದವು. ಅವರು ಬೆರಳನ್ನು ಒಂದೊಂದು ಹೆಸರಿನ ಮೇಲೂ ಇಟ್ಟು ಓದುತ್ತಾ ಹೋದರು, ಯಾವುದಾದರೂ ಒಂದು ಬಾಲ್ಯದಲ್ಲಿ ಕೇಳಿದಂತೆ ಅನ್ನಿಸೀತೇ ಎಂದು. ಬಸ್ಸಿನ ಕಿಟಕಿಯಿಂದ ಕಂಡ ಪ್ರತಿ ಪಾಳು ಗೋಡೆಯನ್ನೂ ಇದೇ ಇರಬಹುದೇ ಎಂದು ನೋಡಿದೆ ಎಂದು ಹೇಳಿದರು. ತೀರಿಕೊಳ್ಳುವವರೆಗೂ ಅವರಿಗೆ ಆ ಹೆಸರು ಸಿಗಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ನಿಮ್ಮ ಪತ್ರದಲ್ಲಿಯೂ ಮೊದಲಿಗೆ 'ಬೆಂಗಳೂರಿನವಳು' ಎಂದಿದೆ, ಅಜ್ಜಿಯ ಊರು ಹೊಸನಗರದ ಕಡೆ ಎಂಬುದು ಕೊನೆಯಲ್ಲಿ ಬಂದಿದೆ. ಇಲ್ಲಿ ಕನ್ನಡದವರು ಸೇರಿದಾಗಲೂ ಕೇಳುವವರಿಗೆ ಸುಲಭವಾಗಲೆಂದು ಎಲ್ಲರೂ ಬೆಂಗಳೂರು ಎಂದೇ ಹೇಳುತ್ತೇವೆ. ಇಲ್ಲಿ ಹುಟ್ಟಿದ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ನನ್ನ ತಾಯಿಯ ತವರು ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಕಡೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಅವರ ಮನೆ, ತೋಟ, ಗದ್ದೆ ಎಲ್ಲವೂ ಶರಾವತಿಯ ಹಿನ್ನೀರಿನಡಿಗೆ ಹೋದವು. ನೆಲವೇ ಹೋದ ಮೇಲೆ ಊರಿನ ಹೆಸರೂ ಬಾಯಲ್ಲಿ ಉಳಿಯದಿದ್ದರೆ ಮೂರನೆಯ ತಲೆಮಾರಿಗೆ ಏನು ಸಿಗುತ್ತದೆ, ನೀವೇ ಹೇಳಿ.

ಇನ್ನು ಅವರು ನಮ್ಮನ್ನು ಸೇರಿಸುತ್ತಾರೆಯೇ ಎಂಬ ಪ್ರಶ್ನೆ. ಐರಿಷರು ಈ ನಗರದಲ್ಲಿ ಪಟ್ಟ ಅವಮಾನವೂ ದೊಡ್ಡದು, ಗಳಿಸಿದ ಸ್ಥಾನವೂ ದೊಡ್ಡದು. ಐರಿಷರು ಅರ್ಜಿ ಹಾಕಬೇಕಾಗಿಲ್ಲ ಎಂಬ ಷರತ್ತು ಕೆಲಸದ ಜಾಹೀರಾತುಗಳಲ್ಲಿ ಅಚ್ಚಾಗುತ್ತಿದ್ದ ಊರಿನಲ್ಲಿ, ಐರ್ಲೆಂಡಿನಲ್ಲಿ ಹುಟ್ಟಿದ ಹ್ಯೂ ಓಬ್ರಿಯನ್ 1884ರಲ್ಲಿ ಮೇಯರ್ ಆಗಿ ಚುನಾಯಿತರಾದರು. ಕ್ಷಾಮದ ಕಾಲದಲ್ಲಿ ಬಂದ ಒಬ್ಬ ವಲಸಿಗನ ಮರಿಮಗ ಜಾನ್ ಎಫ್. ಕೆನಡಿ, ಅಧ್ಯಕ್ಷರಾದ ಮೇಲೆ 1963ರ ಜೂನ್‌ನಲ್ಲಿ ವೆಕ್ಸ್‌ಫರ್ಡ್ ಕೌಂಟಿಯ ಡಂಗನ್ಸ್‌ಟೌನ್‌ಗೆ ಹೋಗಿ, ಹಿರಿಯರು ಬಿಟ್ಟುಬಂದ ಹೊಲಮನೆಯಲ್ಲಿ ನೆಂಟರ ಜೊತೆ ಚಹಾ ಕುಡಿದರು. ಆ ಹೆಮ್ಮೆ ನನಗೂ ಅರ್ಥವಾಗುತ್ತದೆ. ಆದರೆ ಇದೇ ಸಮುದಾಯದ ಭದ್ರನೆಲೆಯಾದ ಸೌತ್ ಬೋಸ್ಟನ್ನಿನಲ್ಲಿ, ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಓದಲೆಂದು ನ್ಯಾಯಾಲಯ ಆದೇಶಿಸಿದಾಗ, 1974ರ ಸೆಪ್ಟೆಂಬರ್‌ನಲ್ಲಿ ಕಪ್ಪು ಮಕ್ಕಳ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಆದೇಶ ಕೊಟ್ಟ ನ್ಯಾಯಾಧೀಶ ಆರ್ಥರ್ ಗ್ಯಾರಿಟಿಯೂ ಐರಿಷ್ ಮೂಲದವರೇ.

ನೋವಿನ ನೆನಪು ತಾನಾಗಿಯೇ ಯಾರನ್ನೂ ಉದಾರಿಯಾಗಿಸುವುದಿಲ್ಲ ಎಂದು ಇದರಿಂದ ನಾನು ಕಲಿತೆ. ಅದು ಉದಾರವಾಗಿಯೂ ಇರಬಲ್ಲದು ಎಂಬುದನ್ನೂ ಹೇಳಬೇಕು. ತಮ್ಮ ನೆಲದಿಂದ ಓಡಿಸಲ್ಪಟ್ಟು ಹೆಚ್ಚು ಕಾಲವಾಗಿರದಿದ್ದ ಅಮೆರಿಕದ ಚಾಕ್ಟಾ ಮೂಲನಿವಾಸಿಗಳು 1847ರಲ್ಲಿ ಐರ್ಲೆಂಡಿನ ಹಸಿದವರಿಗೆ ಹಣ ಕೂಡಿಸಿ ಕಳಿಸಿದ್ದರು. ಅದನ್ನು ನೆನೆದು 2020ರಲ್ಲಿ, ಕೋವಿಡ್ ಹೊಡೆತಕ್ಕೆ ಸಿಕ್ಕಿದ್ದ ಅಮೆರಿಕದ ಮೂಲನಿವಾಸಿಗಳೇ ಆದ ನವಾಹೊ ಮತ್ತು ಹೋಪಿ ಜನರಿಗೆ ಸಾವಿರಾರು ಐರಿಷರು ನೆರವು ನೀಡಿದರು. ನಾವೂ ಇದನ್ನು ನಮ್ಮ ಕನ್ನಡ ಕೂಟಗಳಲ್ಲಿ ನೆನೆಯಬೇಕು. ಯಾವ ಊರು ಎಂದು ಕೇಳುವ ನೆಪದಲ್ಲಿ ಯಾರ ಪೈಕಿ ಎಂದು ತಿಳಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ದಯವಿಟ್ಟು ಅದನ್ನು ವಿಮಾನ ಹತ್ತಿಸಬೇಡಿ. ನಿಮ್ಮ ನೆರೆಯವರ ಬಗ್ಗೆ ಹೇಳುವುದಾದರೆ, ನನಗೆ ಅವರಿಂದ ಒಳ್ಳೆಯದೇ ಆಗಿದೆ. ಅವರು ಬರಲೆಂದು ಕಾಯದೆ ನೀವೇ ಹೋಗಿ ಬಾಗಿಲು ತಟ್ಟಿ.

ಮಗಳ ಭಾಷೆಯ ವಿಚಾರ. ಐರ್ಲೆಂಡಿನ ಪಶ್ಚಿಮದಿಂದ ಬಂದ ಅನೇಕರ ಮನೆಮಾತು ಐರಿಷ್ ಆಗಿತ್ತು. ಮಕ್ಕಳು ಮುಂದೆ ಬರಲೆಂದು ಅವರು ಇಂಗ್ಲಿಷನ್ನೇ ಆಡಿದರು; ಬಡತನದಲ್ಲಿ ಬಂದವರು ಅವರು, ಅವರನ್ನು ನಾನು ದೂರುವುದಿಲ್ಲ. ಈಗ ಅವರ ಮರಿಮಕ್ಕಳು ಬೆಳೆದ ಮೇಲೆ ತರಗತಿಗೆ ಹೋಗಿ ಅದನ್ನು ಅಕ್ಷರದಿಂದ ಕಲಿಯುತ್ತಿದ್ದಾರೆ. 1924ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ಓದಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದವರು ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅಂಥ ಮಾತು ಒಬ್ಬ ಐರಿಷರಿಂದ ಬಂದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ವಾರಾಂತ್ಯದ ಕನ್ನಡ ತರಗತಿಗೆ ಮಗಳನ್ನು ಖಂಡಿತ ಸೇರಿಸಿ, ಆದರೆ ಊಟಕ್ಕೆ ಕರೆಯುವುದು, ಗದರುವುದು, ಜೋಗುಳ ಹಾಡುವುದು ಮನೆಯಲ್ಲಿ ಕನ್ನಡದಲ್ಲೇ ನಡೆಯಲಿ.

ಶಾಲೆಗೆ ಸೇರಿಸಲು ಮಗಳ ಜನನ ಪ್ರಮಾಣಪತ್ರ ಮತ್ತು ಲಸಿಕೆಯ ದಾಖಲೆ ಬೇಕು, ಅವುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಹೊರಡುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಅಜ್ಜಿಯ ಹತ್ತಿರ ಕುಳಿತು ಗ್ರಾಮ, ಹೋಬಳಿ, ಮನೆಯ ಹೆಸರು, ಹಿರಿಯರ ಹೆಸರುಗಳು ಎಲ್ಲವನ್ನೂ ಬರೆದುಕೊಳ್ಳಿ, ಅವರ ದನಿಯಲ್ಲೇ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಜಮೀನಿನ ಹಳೆಯ ಪಹಣಿ ಇದ್ದರೆ ಅದರ ಒಂದು ಪ್ರತಿಯೂ ಬರಲಿ. ವಿಮಾನದ ದಿನ ನಿಗದಿಯಾದ ಕೂಡಲೇ ತಿಳಿಸಿ. ಮೊದಲೆರಡು ದಿನದ ಊಟ ನಮ್ಮ ಮನೆಯಲ್ಲೇ ಆಗಲಿ.